ಹಿಂದಿನಿಂದ ಗುದ್ದಿದವನದೇ ತಪ್ಪೇ?

ಹೊಸೂರು–ಕೃಷ್ಣಗಿರಿ ಹೆದ್ದಾರಿಯಲ್ಲಿ ಓಡಾಡುವ ನಮ್ಮ ಓದುಗರಿಗೆ ಈ ದೃಶ್ಯ ಹೊಸದೇನಲ್ಲ. ಮುಂದಿನ ಗಾಡಿ ಗಕ್ಕನೆ ನಿಲ್ಲುತ್ತದೆ, ಹಿಂದಿನ ಕಾರು ಬ್ರೇಕ್ ಒತ್ತುವಷ್ಟರಲ್ಲಿ ಢಿಕ್ಕಿ ಹೊಡೆದಿರುತ್ತದೆ. ಐದು ನಿಮಿಷದಲ್ಲಿ ಇಪ್ಪತ್ತು ಜನ ಸೇರುತ್ತಾರೆ. ಕಾರಿನೊಳಗೆ ಮದುವೆಗೆ ಹೊರಟ ಹೆಂಗಸರು, ಮಕ್ಕಳು. ಒಬ್ಬರಿಗೆ ಹಣೆ ಒಡೆದಿದೆ, ಇನ್ನೊಬ್ಬರಿಗೆ ಕತ್ತು ಹಿಡಿದುಕೊಂಡಿದೆ. ಅಷ್ಟರಲ್ಲೇ ರಸ್ತೆ ಬದಿಯ ಪಂಚಾಯ್ತಿ ತೀರ್ಪು ಕೊಟ್ಟು ಮುಗಿಸುತ್ತದೆ: "ಹಿಂದಿಂದ ಗುದ್ದಿದ್ದು ನೀನೇ ಅಲ್ವೇನಪ್ಪಾ? ಇನ್ನೇನು ಮಾತು? ದುಡ್ಡು ಕೊಟ್ಟು ಹೊರಡು."

ಗುದ್ದಿದವರು ಹೆದರಿ ಜೇಬಿನಲ್ಲಿದ್ದುದನ್ನು ಕೊಟ್ಟು ಹೊರಡುತ್ತಾರೆ. ಎರಡು ದಿನ ಕಳೆದ ಮೇಲೆ ಕತ್ತಿನ ನೋವು ಜಾಸ್ತಿಯಾಗುತ್ತದೆ, ಆಸ್ಪತ್ರೆ ಖರ್ಚು ಬೆಳೆಯುತ್ತದೆ. ಆಗ ಕೈಯಲ್ಲಿ ಫೋಟೊ ಇಲ್ಲ, ದೂರು ಇಲ್ಲ, ಎದುರಿನ ಗಾಡಿಯ ನಂಬರೂ ನೆನಪಿಲ್ಲ.

'ಹಿಂದಿನವನದೇ ತಪ್ಪು' ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ಅರ್ಧ ಕಾನೂನು ಮಾತ್ರ. ಉಳಿದ ಅರ್ಧ ಗೊತ್ತಿಲ್ಲದೆ ಗಡಿ ಭಾಗದ ಎಷ್ಟೋ ಕುಟುಂಬಗಳು ತಮಗೆ ಬರಬೇಕಾದ ಪರಿಹಾರವನ್ನು ಕಳೆದುಕೊಳ್ಳುತ್ತಿವೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯವೆನಿಸಿದೆ.

ಮೊದಲು ಆ ಅರ್ಧ ಸತ್ಯವನ್ನೇ ನೋಡೋಣ. ಮುಂದಿನ ವಾಹನ ದಿಢೀರನೆ ನಿಧಾನವಾದರೂ, ನಿಂತರೂ ಅದಕ್ಕೆ ತಾಗದಂತೆ ನಿಲ್ಲಿಸಲು ಸಾಕಾಗುವಷ್ಟು ಅಂತರವನ್ನು ಹಿಂದಿನ ಚಾಲಕ ಕಾಯ್ದುಕೊಳ್ಳಬೇಕು. 1989ರ ರಸ್ತೆ ನಿಯಮಗಳ 23ನೇ ನಿಯಮ ಇದನ್ನೇ ಹೇಳಿತ್ತು. ಅದರ ಬದಲಿಗೆ ಬಂದ 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಇದನ್ನೇ ಹೇಳುತ್ತವೆ. ಎಷ್ಟು ಅಂತರ ಸಾಕು? ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಣ್ಣು ಕಂಡು, ಕಾಲು ಬ್ರೇಕ್ ಮೇಲೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 33 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ 35 ಮೀಟರ್ ಬೇಕಾಗಬಹುದು. ಮಳೆ ಬಿದ್ದಿದ್ದರೆ, ಟಯರ್ ಸವೆದಿದ್ದರೆ ಅದಕ್ಕೂ ಹೆಚ್ಚು. ಮುಂದಿನ ಲಾರಿಯ ಬಂಪರಿಗೆ ಅಂಟಿಕೊಂಡು ಓಡಿಸುವವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿ ಹಾಕಿಕೊಳ್ಳಬೇಕು.

ನ್ಯಾಯಾಲಯವೂ ಈ ಲೆಕ್ಕವನ್ನು ಬಿಡುವುದಿಲ್ಲ. ಲಾರಿಯೊಂದರ ಹಿಂದೆ ಕೇವಲ 10–15 ಅಡಿ ದೂರದಲ್ಲಿ ಹೋಗುತ್ತಿದ್ದ ಕಾರು ಅದಕ್ಕೆ ಢಿಕ್ಕಿ ಹೊಡೆದ ಪ್ರಕರಣದಲ್ಲಿ, ಸಾಕಷ್ಟು ಅಂತರ ಕಾಯ್ದುಕೊಳ್ಳದ ಕಾರು ಚಾಲಕನದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟು 2018ರ ಏಪ್ರಿಲ್‌ನಲ್ಲಿ ಹೇಳಿತು. ರಸ್ತೆ ಬದಿಯ ಪಂಚಾಯ್ತಿಗೆ ನೆನಪಿರುವುದು ಇಷ್ಟು ಮಾತ್ರ.

ಈಗ ಉಳಿದ ಅರ್ಧ. ಅದೇ ನಿಯಮಾವಳಿ ಮುಂದಿನ ಚಾಲಕನ ಮೇಲೂ ಹೊಣೆ ಹೊರಿಸಿದೆ. ಹಿಂದೆ ವಾಹನ ಬರುತ್ತಿರುವಾಗ ಬಲವಾದ ಕಾರಣವಿಲ್ಲದೆ ಗಕ್ಕನೆ ಬ್ರೇಕ್ ಹಾಕುವಂತಿಲ್ಲ. ನಿಲ್ಲಿಸಬೇಕಾದರೆ ಸಿಗ್ನಲ್ ಕೊಡಬೇಕು. ಇದು ಬರೀ ಪುಸ್ತಕದ ಮಾತಲ್ಲ ಎಂಬುದಕ್ಕೆ ತಮಿಳುನಾಡಿನದೇ ಉದಾಹರಣೆಯಿದೆ.

2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಸ್ನೇಹಿತನನ್ನು ಕೂರಿಸಿಕೊಂಡು ಬೈಕಿನಲ್ಲಿ ಹೋಗುತ್ತಿದ್ದರು. ಮುಂದಿದ್ದ ಕಾರು ಗಕ್ಕನೆ ನಿಂತಿತು. ಬೈಕು ಹಿಂದಿನಿಂದ ಗುದ್ದಿತು. ರಸ್ತೆಗೆ ಬಿದ್ದ ವಿದ್ಯಾರ್ಥಿಯ ಕಾಲಿನ ಮೇಲೆ ಹಿಂದೆ ಬರುತ್ತಿದ್ದ ಬಸ್ಸು ಹರಿಯಿತು. ಎಡಗಾಲನ್ನು ಕತ್ತರಿಸಬೇಕಾಯಿತು. ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಗಿದ್ದಕ್ಕೆ ನಿಲ್ಲಿಸಿದೆ ಎಂದು ಕಾರಿನವರು ಹೇಳಿದರು. 2025ರ ಜುಲೈ 29ರಂದು ನ್ಯಾಯಮೂರ್ತಿಗಳಾದ ಸುಧಾಂಶು ಧುಲಿಯಾ ಮತ್ತು ಅರವಿಂದ ಕುಮಾರ್ ಅವರ ಪೀಠ ತೀರ್ಪು ಕೊಟ್ಟಿತು. ಹೆದ್ದಾರಿಯಲ್ಲಿ ವಾಹನಗಳು ವೇಗವಾಗಿಯೇ ಬರುತ್ತವೆ, ಅಲ್ಲಿ ನಿಲ್ಲಿಸಬೇಕೆನ್ನುವವನು ಹಿಂದಿನವರಿಗೆ ಮುನ್ಸೂಚನೆ ಕೊಡಬೇಕು, ಸೂಚನೆಯಿಲ್ಲದೆ ನಡುರಸ್ತೆಯಲ್ಲಿ ನಿಲ್ಲಿಸಿದ್ದಕ್ಕೆ ಹೇಳಿದ ಕಾರಣ ಒಪ್ಪತಕ್ಕದ್ದಲ್ಲ ಎಂಬುದು ಅದರ ತಿರುಳು.

ಪೀಠ ತಪ್ಪನ್ನು ಹಂಚಿದ ರೀತಿಯನ್ನು ಗಮನಿಸಬೇಕು. ಮುಂದಿದ್ದ ಕಾರಿಗೆ ಶೇ. 50, ಬಸ್ಸಿಗೆ ಶೇ. 30, ಹಿಂದಿನಿಂದ ಗುದ್ದಿದ ವಿದ್ಯಾರ್ಥಿಗೆ ಶೇ. 20. ಅಂತರ ಕಾಯ್ದುಕೊಳ್ಳದ ತಪ್ಪು ಅವರ ಮೇಲೂ ಇತ್ತು. ಆದರೆ ಹೈಕೋರ್ಟು ಅವರ ಪಾಲಿಗೆ ಹಾಕಿದ್ದ ಶೇ. 30 ಹೆಚ್ಚಾಯಿತೆಂದು ಸುಪ್ರೀಂ ಕೋರ್ಟು ಅದನ್ನು 20ಕ್ಕೆ ಇಳಿಸಿತು. ಒಟ್ಟು ಪರಿಹಾರ ಸುಮಾರು 1 ಕೋಟಿ 14 ಲಕ್ಷ ರೂ. ಎಂದು ಲೆಕ್ಕ ಹಾಕಿ, ಅವರ ಪಾಲಿನ ತಪ್ಪನ್ನು ಕಳೆದು 91 ಲಕ್ಷಕ್ಕೂ ಹೆಚ್ಚು ಕೊಡಲು ಹೇಳಿತು. 'ಹಿಂದಿಂದ ಗುದ್ದಿದ್ದು ನೀನೇ ಅಲ್ವೇನಪ್ಪಾ' ಎಂಬ ಮಾತಿಗೆ ತಲೆಬಾಗಿ ಆ ಕುಟುಂಬ ಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಮುಂದಿನ ವಾಹನ ಓಡುತ್ತಲೇ ಇರಬೇಕೆಂದೇನಿಲ್ಲ. ದೀಪವಿಲ್ಲದೆ ನಿಂತ ಲಾರಿಗೆ ಹಿಂದಿನಿಂದ ಗುದ್ದುವ ಅಪಘಾತಗಳೇ ಹೆಚ್ಚು ಭೀಕರ. ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಇಂಥದ್ದೇ. 2013ರ ಆಗಸ್ಟ್‌ನಲ್ಲಿ ಹೆದ್ದಾರಿಯ ಮಧ್ಯೆ ಯಾವ ಎಚ್ಚರಿಕೆ ಗುರುತೂ ಇಲ್ಲದೆ ಬಿಟ್ಟುಹೋಗಿದ್ದ ಟ್ರೇಲರ್ ಲಾರಿಗೆ ಕಾರು ಗುದ್ದಿತ್ತು. ಕೆಳಗಿನ ಹಂತದಲ್ಲಿ ಕಾರು ಚಾಲಕನ ಮೇಲೂ ತಪ್ಪಿನ ಪಾಲು ಬಿದ್ದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಲಾರಿಯನ್ನು ಹಾಗೆ ಬಿಟ್ಟವರದೇ ಪೂರ್ತಿ ಹೊಣೆ ಎಂದಿತು. ವಾಹನವನ್ನು ಅಪಾಯವಾಗುವಂತೆ ನಿಲ್ಲಿಸಿ ಹೋಗುವುದನ್ನು 1988ರ ಮೋಟಾರು ವಾಹನ ಕಾಯಿದೆಯ 122ನೇ ಸೆಕ್ಷನ್ ನಿಷೇಧಿಸಿದೆ. ಬೆಳಗಿನ ಜಾವ ಹೂವು, ಟೊಮೆಟೊ ತುಂಬಿಕೊಂಡು ಬೆಂಗಳೂರಿನ ಕಡೆಗೆ ಹೊರಡುವ ನಮ್ಮ ರೈತರಿಗೂ, ಟೆಂಪೊ ಚಾಲಕರಿಗೂ ಇದು ನೆನಪಿರಬೇಕು. ಹಾಗೆಯೇ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರನ್ನು ರಸ್ತೆಗೆ ಇಳಿಸುವವರಿಗೂ. ಗುದ್ದಿದವನು ಹಿಂದಿನವನಾದರೂ ಹೊಣೆ ನಿಮ್ಮ ಮೇಲೆ ಬರಬಹುದು.

ಹಾಗಾದರೆ 'ಬಲವಾದ ಕಾರಣ' ಯಾವುದು? ನಮ್ಮ ಭಾಗದವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. ಸಾನಮಾವು ಕಾಡಿನ ಆಸುಪಾಸು, ಪೇರಂಡಪಲ್ಲಿಯ ಬಳಿ ಆನೆಗಳು ಹೆದ್ದಾರಿ ದಾಟುತ್ತವೆ. ಆನೆ ಅಡ್ಡ ಬಂದಾಗ, ಮಗು ರಸ್ತೆಗೆ ಓಡಿ ಬಂದಾಗ ಬ್ರೇಕ್ ಹಾಕಿದವನನ್ನು ಯಾರೂ ದೂರುವಂತಿಲ್ಲ. ಆಗ ಅಂತರ ಕಾಯ್ದುಕೊಳ್ಳದ ಹಿಂದಿನವನೇ ಉತ್ತರ ಹೇಳಬೇಕು. ಆದರೆ ಫೋನ್ ಬಂತು, ತಿರುವು ತಪ್ಪಿತು, ಎಳನೀರು ಕಂಡಿತು ಎಂದು ನಡುರಸ್ತೆಯಲ್ಲಿ ನಿಂತವನಿಗೆ ಆ ರಕ್ಷಣೆ ಸಿಗುವುದು ಕಷ್ಟ.

ಒಂದರ ಹಿಂದೊಂದು ನಾಲ್ಕೈದು ಗಾಡಿ ಗುದ್ದಿಕೊಂಡಾಗ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಮಧ್ಯದ ಕಾರು ಮೊದಲೇ ನಿಂತಿತ್ತೇ? ಹಿಂದಿನವನು ಗುದ್ದಿದ ರಭಸಕ್ಕೆ ಮುಂದಕ್ಕೆ ತಳ್ಳಲ್ಪಟ್ಟಿತೇ? ಅಥವಾ ತಾನೇ ಮೊದಲು ಮುಂದಿನದಕ್ಕೆ ಗುದ್ದಿ, ಆಮೇಲೆ ಹಿಂದಿನಿಂದ ಗುದ್ದಿಸಿಕೊಂಡಿತೇ? ಉತ್ತರದ ಮೇಲೆ ಹೊಣೆ ಬದಲಾಗುತ್ತದೆ. ನಿಂತಿದ್ದ ಕಾರನ್ನು ಹಿಂದಿನಿಂದ ತಳ್ಳಿದ್ದಾದರೆ, ಮುಂದಿನ ಗಾಡಿಗೆ ಆದ ನಷ್ಟಕ್ಕೆ ಮಧ್ಯದವನನ್ನು ಹಿಡಿಯುವುದು ನ್ಯಾಯವಲ್ಲ.

ಇದನ್ನೆಲ್ಲ ತೀರ್ಮಾನಿಸುವವರು ಯಾರು? ರಸ್ತೆಯಲ್ಲಿ ಸೇರಿದ ಜನ ಖಂಡಿತ ಅಲ್ಲ. ಪೊಲೀಸರ ಎಫ್‌ಐಆರ್ ಕೂಡ ಕೊನೆಯ ಮಾತಲ್ಲ. ಪೊಲೀಸರು ನೋಡುವುದು ಅಪರಾಧದ ಬದಿಯನ್ನು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಅಜಾಗರೂಕ ಚಾಲನೆಗೆ, 106(1) ನಿರ್ಲಕ್ಷ್ಯದಿಂದಾದ ಸಾವಿಗೆ ಅನ್ವಯಿಸುತ್ತವೆ. ಪರಿಹಾರವನ್ನೂ ಅದಕ್ಕಾಗಿ ತಪ್ಪಿನ ಪಾಲನ್ನೂ ತೀರ್ಮಾನಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲಿ ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಿನ ಸಾಬೀತು ಬೇಡ. ಯಾವುದು ಹೆಚ್ಚು ಸಂಭವನೀಯ ಎಂದು ಸಾಕ್ಷ್ಯ ತೂಗಿ ನೋಡುತ್ತಾರೆ.

ಆ ತಕ್ಕಡಿಗೆ ಹಾಕಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು. ಗಾಡಿಗಳನ್ನು ಸರಿಸುವ ಮುನ್ನ ತೆಗೆದ ಫೋಟೊ, ಟಯರ್ ಗುರುತು, ಒಡೆದ ಗಾಜು ಬಿದ್ದ ಜಾಗ, ಎರಡೂ ವಾಹನಗಳ ನಂಬರು, ಡ್ಯಾಶ್ ಕ್ಯಾಮೆರಾ ಇದ್ದರೆ ಅದರ ದೃಶ್ಯ, ಪಕ್ಕದ ಪೆಟ್ರೋಲ್ ಬಂಕು ಅಥವಾ ಹೋಟೆಲಿನ ಸಿಸಿಟಿವಿ, ಕಣ್ಣಾರೆ ಕಂಡ ಒಬ್ಬಿಬ್ಬರ ಫೋನ್ ನಂಬರು. ಪೊಲೀಸರ ಮಹಜರು, ಸ್ಥಳದ ನಕ್ಷೆ, ನಮ್ಮ ಜನ 'ಬ್ರೇಕ್ ಇನ್‌ಸ್ಪೆಕ್ಟರ್' ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರ ವರದಿ ಇವೂ ಮುಖ್ಯ. ಮುಂದಿನ ಗಾಡಿಯ ಬ್ರೇಕ್ ಲೈಟ್ ಉರಿಯುತ್ತಿತ್ತೋ ಇಲ್ಲವೋ ಎಂಬ ಒಂದು ಸಾಲು ಎಷ್ಟೋ ಲಕ್ಷದ ವ್ಯತ್ಯಾಸ ಮಾಡಬಹುದು. ಆದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಇದೆಲ್ಲಕ್ಕಿಂತ ಮೊದಲು. ಅದು ಚಾಲಕನ ಕಾನೂನುಬದ್ಧ ಕರ್ತವ್ಯವೂ ಹೌದು. ಆಸ್ಪತ್ರೆಯಲ್ಲಿ ರಸ್ತೆ ಅಪಘಾತವೆಂದೇ ಬರೆಸಿ. "ಬಚ್ಚಲಲ್ಲಿ ಜಾರಿಬಿದ್ದೆ ಅಂತ ಬರೆಸಿಬಿಡಿ, ಕೇಸ್ ಗೋಜು ಬೇಡ" ಎನ್ನುವವರ ಮಾತು ಕೇಳಿದರೆ ನಾಳೆ ಪರಿಹಾರ ಕೇಳಲು ಬಾಯಿಯೇ ಇರುವುದಿಲ್ಲ.

ಕಾರಿನಲ್ಲಿ ಕುಳಿತಿದ್ದವರ ಸ್ಥಿತಿ ಬೇರೆ. ಓಡಿಸಿದವರದು ತಪ್ಪಿದ್ದರೂ ಹಿಂದಿನ ಸೀಟಿನಲ್ಲಿದ್ದ ಅಜ್ಜಿಯ ತಪ್ಪೇನು? ಎರಡು ವಾಹನಗಳ ತಪ್ಪಿನಿಂದ ಮೂರನೆಯವರಿಗೆ ಗಾಯವಾದರೆ, ಅವರು ಪೂರ್ತಿ ಪರಿಹಾರವನ್ನು ಎರಡರಲ್ಲಿ ಯಾರಿಂದಲಾದರೂ ಕೇಳಬಹುದು ಎಂದು ಸುಪ್ರೀಂ ಕೋರ್ಟು 2015ರಲ್ಲೇ ಸ್ಪಷ್ಟಪಡಿಸಿದೆ. ಚಾಲಕನ ತಪ್ಪನ್ನು ಪ್ರಯಾಣಿಕರ ತಲೆಗೆ ಕಟ್ಟುವಂತಿಲ್ಲ ಎಂಬುದನ್ನು ಮೇಲೆ ಹೇಳಿದ 2024ರ ತೀರ್ಪೂ ಎತ್ತಿ ಹಿಡಿದಿದೆ. ಆದ್ದರಿಂದ "ಓಡಿಸಿದ್ದು ನಮ್ಮ ಮಾವನೇ, ಕೇಸ್ ಹಾಕಿದರೆ ಮಾವನಿಗೆ ತೊಂದರೆ" ಎಂದು ಸುಮ್ಮನಾಗುವುದು ಸರಿಯಲ್ಲ. ವಿಮೆ ಚಾಲ್ತಿಯಲ್ಲಿದ್ದು, ಪಾಲಿಸಿ ಪ್ರಯಾಣಿಕರನ್ನೂ ಒಳಗೊಂಡಿದ್ದರೆ ಕೊಡುವುದು ವಿಮಾ ಕಂಪನಿ. ಅರ್ಜಿ ಹಾಕುವಾಗ ಎರಡೂ ವಾಹನಗಳ ಮಾಲೀಕರನ್ನೂ ವಿಮಾ ಕಂಪನಿಗಳನ್ನೂ ಎದುರುದಾರರನ್ನಾಗಿ ಸೇರಿಸುವುದು ಜಾಣತನ. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂ. ಕೇಳುವ ದಾರಿಯನ್ನು 164ನೇ ಸೆಕ್ಷನ್ 2022ರ ಏಪ್ರಿಲ್ 1ರಿಂದ ತೆರೆದಿದೆ. ಯಾವ ದಾರಿ ಮೇಲು ಎಂಬುದನ್ನು ವಕೀಲರನ್ನು ಕೇಳಿ ನಿರ್ಧರಿಸಬೇಕು.

ಇನ್ನು ಗಡಿಯ ಮಾತು. ನಮ್ಮ ಜನರ ಬದುಕು ಎರಡು ರಾಜ್ಯಗಳಲ್ಲಿ ಹರಡಿಕೊಂಡಿದೆ. ಮನೆ ತಳಿಯಲ್ಲೋ ಡೆಂಕಣಿಕೋಟೆಯಲ್ಲೋ, ಕೆಲಸ ಬೊಮ್ಮಸಂದ್ರದಲ್ಲಿ, ಮಗಳನ್ನು ಕೊಟ್ಟಿರುವುದು ಆನೇಕಲ್ಲಿಗೆ. ಅಪಘಾತ ಅತ್ತಿಬೆಲೆಯಲ್ಲಾದರೆ ಒಂದು ರಾಜ್ಯ, ಜೂಜುವಾಡಿಯಲ್ಲಾದರೆ ಇನ್ನೊಂದು. "ಇದು ನಮ್ಮ ಲಿಮಿಟ್ ಅಲ್ಲ, ಆ ಕಡೆ ಹೋಗಿ" ಎಂಬ ಉತ್ತರ ಕೇಳಿ ಸುಸ್ತಾದವರು ಎಷ್ಟೋ ಜನ. ಆದರೆ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. 'ಝೀರೋ ಎಫ್‌ಐಆರ್' ಎನ್ನುವುದು ಇದಕ್ಕೇ.

ಪರಿಹಾರದ ಅರ್ಜಿಗೂ ಅಷ್ಟೆ. ಮೋಟಾರು ವಾಹನ ಕಾಯಿದೆಯ 166ನೇ ಸೆಕ್ಷನ್ ಪ್ರಕಾರ ಅಪಘಾತ ನಡೆದ ಊರಿನ ನ್ಯಾಯಮಂಡಳಿಯಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸವಿರುವ ಅಥವಾ ವ್ಯಾಪಾರ ಮಾಡುವ ಕಡೆ, ಇಲ್ಲವೇ ಎದುರುದಾರರು ವಾಸವಿರುವ ಕಡೆಯೂ ಹಾಕಬಹುದು. ಶೂಲಗಿರಿಯ ಬಳಿ ಗಾಯಗೊಂಡ ಬೆಂಗಳೂರಿನವರು ಬೆಂಗಳೂರಿನಲ್ಲೇ ಕೇಳಬಹುದು. ಎಲೆಕ್ಟ್ರಾನಿಕ್ ಸಿಟಿ ಬಳಿ ಗಾಯಗೊಂಡ ಕೆಲಮಂಗಲದವರು ಕೃಷ್ಣಗಿರಿ ಜಿಲ್ಲೆಯಲ್ಲೇ ಕೇಳಬಹುದು. ದಿನಗೂಲಿ ಬಿಟ್ಟು ದೂರದ ಕೋರ್ಟಿಗೆ ಅಲೆಯುವ ಭಯದಿಂದ ಕೈಬಿಡಬೇಕಿಲ್ಲ.

ಗಡುವು ಮಾತ್ರ ನೆನಪಿರಲಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಆದರೆ ಅದನ್ನು ನಂಬಿಕೊಂಡು ಕೂರುವುದು ಬುದ್ಧಿವಂತಿಕೆಯಲ್ಲ. ಅದೇ ದಿನದಿಂದ ಜಾರಿಯಾದ ಕೇಂದ್ರದ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಕೊಟ್ಟರೇ ಎಂದು ವಿಚಾರಿಸುವ ಹಕ್ಕು ನಿಮಗಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆಯದು. ನಮ್ಮ ಹಳ್ಳಿಗಳಲ್ಲಿ ತಮಿಳು ಮಾತಾಡಲು ಬಂದರೂ ಓದಲು ಬಾರದ ಹಿರಿಯರು ಬಹಳ ಮಂದಿ ಇದ್ದಾರೆ. ಠಾಣೆಯಲ್ಲಿ ಬರೆದ ಹಾಳೆಗೆ "ಇಲ್ಲಿ ಸೈನ್ ಹಾಕಿ" ಎಂದರೆ ಹಾಕಿಬಿಡುತ್ತಾರೆ. ಗಡಿಯ ಆಚೆ ಕನ್ನಡದಲ್ಲಿ ಬರೆದ ಹಾಳೆಗೆ ಸಹಿ ಹಾಕುವ ತಮಿಳು ಕುಟುಂಬಗಳ ಪಾಡೂ ಇದೇ. ಆ ಹಾಳೆಯಲ್ಲಿ 'ನಾನು ವೇಗವಾಗಿ ಬಂದು ಗುದ್ದಿದೆ' ಎಂಬ ಒಂದು ವಾಕ್ಯವಿದ್ದರೆ ಸಾಕು, ವರ್ಷಗಟ್ಟಲೆ ಅದರೊಂದಿಗೆ ಗುದ್ದಾಡಬೇಕು. ಕಾನೂನು ಇಲ್ಲಿಯೂ ನಿಮ್ಮ ಕಡೆಗಿದೆ. ದೂರನ್ನು ಬರೆದುಕೊಂಡ ಅಧಿಕಾರಿ ಅದನ್ನು ದೂರುದಾರರಿಗೆ ಓದಿ ಹೇಳಲೇಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಬೇಕಾಗಿಯೇ ಇಲ್ಲ. ಓದಲು ಬಾರದಿದ್ದರೆ "ಸಾರ್, ಓದಿ ಹೇಳಿ, ಅರ್ಥ ಆದ ಮೇಲೆ ಹಾಕ್ತೀನಿ" ಎನ್ನಿ. ಇದು ಉದ್ಧಟತನವಲ್ಲ. ಓದು ಬಲ್ಲ ಮಕ್ಕಳು, ಮೊಮ್ಮಕ್ಕಳು ಆ ಹೊತ್ತಿನಲ್ಲಿ ಜೊತೆಗಿರಬೇಕು.

ರಸ್ತೆಯಲ್ಲಿ ರಾಜಿ ಮಾಡಿಕೊಳ್ಳುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಬಂಪರ್ ಗೀಚಿದ್ದಕ್ಕೆ ಕೋರ್ಟು ಬೇಡ. ಸಮಗ್ರ ವಿಮೆ ಇದ್ದರೆ ನಿಮ್ಮ ಗಾಡಿಯ ರಿಪೇರಿಯನ್ನು ತಪ್ಪು ಯಾರದೆಂಬುದಕ್ಕೆ ಕಾಯದೆ ನಿಮ್ಮ ಕಂಪನಿಯಿಂದಲೇ ಪಡೆಯಬಹುದು. ಆದರೆ ಒಬ್ಬರಿಗಾದರೂ ಪೆಟ್ಟಾಗಿದ್ದರೆ ದೂರು ಕೊಡದೆ ಹೊರಡಬೇಡಿ, 'ಇನ್ನು ಯಾವ ತಕರಾರೂ ಇಲ್ಲ' ಎಂಬ ಚೀಟಿಗೆ ಸಹಿ ಹಾಕಬೇಡಿ. ಲೋಕ ಅದಾಲತ್‌ನಲ್ಲಿ ಒಪ್ಪಿದ ಮೇಲೂ ಮೇಲ್ಮನವಿ ಇಲ್ಲ ಎಂಬುದು ತಿಳಿದಿರಲಿ. ವಕೀಲರಿಗೆ ಕೊಡಲು ಹಣವಿಲ್ಲದ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ.

ಇದು ಸಣ್ಣ ಸಮಸ್ಯೆಯೂ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅಪಘಾತಗಳಲ್ಲಿ ಐದಕ್ಕೆ ಒಂದಕ್ಕಿಂತ ಹೆಚ್ಚು ಹಿಂದಿನಿಂದ ಗುದ್ದಿದವು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನಮ್ಮ ಒತ್ತಾಯ ಇಷ್ಟು. ಹೆದ್ದಾರಿಯಲ್ಲಿ ದೀಪವಿಲ್ಲದೆ ನಿಂತ ಲಾರಿಗಳನ್ನು ರಾತ್ರಿ ಗಸ್ತಿನವರು ಆಗಿಂದಾಗಲೇ ತೆರವುಗೊಳಿಸಬೇಕು. ಸಾರ್ವಜನಿಕರೂ ಹೆದ್ದಾರಿ ಪ್ರಾಧಿಕಾರದ 1033ಕ್ಕೆ ತಿಳಿಸಬೇಕು. ಆನೆ ದಾಟುವ ಕಡೆ ಎಚ್ಚರಿಕೆ ಫಲಕಗಳು ತಮಿಳು, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಲಿ, ಏಕೆಂದರೆ ಬ್ರೇಕ್ ಹಾಕುವವರಲ್ಲಿ ಕನ್ನಡದವರೂ ಇದ್ದಾರೆ. ಹೊಸೂರು, ತಳಿ, ಬಾಗಲೂರು ಭಾಗದ ಠಾಣೆಗಳಲ್ಲಿ ಕನ್ನಡದಲ್ಲಿ ಓದಿ ಹೇಳಬಲ್ಲವರು ಸದಾ ಸಿಗುವಂತೆ ಜಿಲ್ಲಾ ಪೊಲೀಸ್ ನೋಡಿಕೊಳ್ಳಲಿ. ಆನೇಕಲ್, ಅತ್ತಿಬೆಲೆ ಕಡೆಯ ಠಾಣೆಗಳು ತಮಿಳಿನವರಿಗೂ ಹಾಗೆಯೇ ಮಾಡಲಿ. ಇದಕ್ಕೆ ಹೊಸ ಕಾನೂನೇನೂ ಬೇಡ, ಇರುವ ಕಾನೂನಿನ 'ಓದಿ ಹೇಳಬೇಕು' ಎಂಬ ಮಾತನ್ನು ಪಾಲಿಸಿದರೆ ಸಾಕು.

ಓದುಗರಲ್ಲಿಯೂ ಒಂದು ಮಾತು. ಮುಂದಿನ ಗಾಡಿಗೂ ನಿಮಗೂ ನಡುವೆ ಜಾಗ ಬಿಡಿ, ನಿಲ್ಲಿಸುವ ಮುನ್ನ ಸೂಚನೆ ಕೊಡಿ. ಅಷ್ಟಾಗಿಯೂ ಅಪಘಾತವಾದರೆ ತಪ್ಪನ್ನು ಅಲ್ಲೇ ಒಪ್ಪಿಕೊಳ್ಳುವ ಅವಸರ ಬೇಡ, ಇನ್ನೊಬ್ಬರ ಮೇಲೆ ಹೊರಿಸುವ ಅವಸರವೂ ಬೇಡ. ಯಾರ ತಪ್ಪು ಎಷ್ಟು ಎಂದು ಅಳೆಯುವ ಅಳತೆಗೋಲು ಕಾನೂನಿನಲ್ಲಿದೆ. ಅದನ್ನು ಹಿಡಿಯಬೇಕಾದವರ ಕೈಗೆ ಸಾಕ್ಷ್ಯ ಸಮೇತ ಒಪ್ಪಿಸುವುದು ನಮ್ಮ ಕೆಲಸ.